ಅತ್ತೆಗೆ ಓದುವ ಹೊತ್ತು

ನನ್ನ ಗಂಟಲಿನ ಆಪರೇಷನ್ ಆದದ್ದು ಕೋಲಾರದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ಥೈರಾಯ್ಡ್ ಗಡ್ಡೆ ಬೆಳೆದು ಅನ್ನ ನುಂಗುವುದೂ ಕಷ್ಟವಾಗಿತ್ತು. ಧ್ವನಿಯ ನರ ಆ ಗಡ್ಡೆಗೆ ಅಂಟಿಕೊಂಡೇ ಇದೆ, ಬಿಡಿಸುವಾಗ ಅದು ಸೋತುಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ಧ್ವನಿಯೂ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಕಿವಿ ಹತ್ತಿರ ತಂದವರಿಗೆ ಮಾತ್ರ ಒಂದಿಷ್ಟು ಪಿಸುಮಾತು ಕೇಳಿಸುತ್ತಿತ್ತು. ಕೆಲವು ತಿಂಗಳಲ್ಲಿ ವಾಪಸ್ ಬರಬಹುದು, ಬರದೆಯೂ ಇರಬಹುದು ಎಂದರು.

ನಾನು ಲಕ್ಕೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಕೆಲಸವೇ ಧ್ವನಿಯದು. ಅದಲ್ಲದೆ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಓದುವುದು ಎಷ್ಟೋ ವರ್ಷಗಳಿಂದ ನನ್ನ ಪಾಲಿಗೆ ಬಂದಿತ್ತು. ಮೈಕ್ ಕೆಟ್ಟ ದಿನವೂ ಹಿಂದಿನ ಬೆಂಚಿನವರಿಗೆ ಕೇಳಿಸುವಂತೆ ಓದುತ್ತೇನೆಂದು ಚರ್ಚಿನ ಗುರುಗಳು ಹೊಗಳುತ್ತಿದ್ದರು. ಆದರೆ ಆಸ್ಪತ್ರೆಯಿಂದ ಮಾಲೂರಿಗೆ ವಾಪಸ್ ಬರುವಾಗ ನನಗೆ ಸ್ಕೂಲೂ ನೆನಪಾಗಲಿಲ್ಲ, ಚರ್ಚೂ ನೆನಪಾಗಲಿಲ್ಲ. ನೆನಪಾದದ್ದು ನಮ್ಮ ಅತ್ತೆ.

ಅತ್ತೆಗೆ ಕಣ್ಣು ಕಾಣುವುದಿಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿ ಸ್ವಲ್ಪಸ್ವಲ್ಪವೇ ಹೋಗಿ ಈಗ ಪೂರ್ತಿ ಕತ್ತಲೆ. ಕಿವಿಯೂ ಮೊದಲಿನಷ್ಟು ಚುರುಕಿಲ್ಲ. ನನ್ನ ಮಗಳು ಓದಲೆಂದು ಹಾಸ್ಟೆಲಿನಲ್ಲಿದ್ದಾಳೆ. ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ಹೆಚ್ಚಾಗಿ ಮಧ್ಯಾಹ್ನದ ಶಿಫ್ಟು. ಹಾಗಾಗಿ ದಿನದ ಬಹುಪಾಲು ಮನೆಯಲ್ಲಿ ನಾವಿಬ್ಬರೇ, ಕಣ್ಣು ಕಾಣದ ಅತ್ತೆ ಮತ್ತು ಮಾತು ಬಾರದ ಸೊಸೆ. ನಾನು ಪಿಸುಗುಟ್ಟಿದ್ದು ಅವರಿಗೆ ಕೇಳಿಸದು, ಕೈಸನ್ನೆ ಅವರಿಗೆ ಕಾಣದು. ಊಟಕ್ಕೆ ಕರೆಯಬೇಕಾದರೆ ತಟ್ಟೆಗೆ ಚಮಚ ಬಡಿಯುತ್ತಿದ್ದೆ. ಮಾತ್ರೆಯ ಹೊತ್ತಾದರೆ ಅಂಗೈಯಲ್ಲಿ ಮಾತ್ರೆ ಇಟ್ಟು ಮುಚ್ಚುತ್ತಿದ್ದೆ. ಹೌದು ಎನ್ನಲು ಕೈ ಒಮ್ಮೆ ಒತ್ತುವುದು, ಅಲ್ಲ ಎನ್ನಲು ಎರಡು ಸಲ. ಇದನ್ನು ಹೇಳಿಕೊಟ್ಟವರು ಅವರೇ.

ಮನೆಗೆ ಬಂದ ಮೊದಲ ಸಂಜೆ ಅವರು ಎಂದಿನಂತೆ ಯೇಸುವಿನ ಪವಿತ್ರ ಹೃದಯದ ಪಟದ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತರು. ದಿನವೂ ಆ ಹೊತ್ತಿಗೆ ನಾನು ಅವರಿಗೆ ಬೈಬಲಿನ ಒಂದು ಪುಟ ಓದಿ ಹೇಳುತ್ತಿದ್ದೆ. ಅವರು ಹುಟ್ಟಿದ್ದು ನಂಗಲಿ ಹತ್ತಿರದ ಒಂದು ಹಳ್ಳಿಯಲ್ಲಿ. ಸ್ಕೂಲಿಗೆ ಹೋದವರಲ್ಲ. ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಚಿಕ್ಕಂದಿನಲ್ಲಿ ಉಪದೇಶಿಗಳು ಹೇಳಿಕೊಟ್ಟದ್ದನ್ನೆಲ್ಲ ಕಿವಿಯಿಂದಲೇ ಕಲಿತವರು. ಬೈಬಲಿನ ಜನರೆಲ್ಲ ಅವರಿಗೆ ಪಕ್ಕದ ಬೀದಿಯವರ ಹಾಗೆ. ಅಕ್ಕ ಅಡಿಗೆಮನೆಯಲ್ಲಿ ಒದ್ದಾಡುತ್ತಿದ್ದಾಗ ತಂಗಿ ಯೇಸುವಿನ ಪಾದದ ಬಳಿ ಕೂತ ಕಥೆ ಓದಿದಾಗಲೆಲ್ಲ, "ಅಷ್ಟು ಜನ ಊಟಕ್ಕೆ ಬಂದವ್ರೆ, ಅವಳೂ ಕೂತ್ಕೊಂಡಿದ್ರೆ ಅನ್ನ ಬೇಯೋದ್ಯಾವಾಗ?" ಎಂದು ಅಕ್ಕನ ಪರ ನಿಲ್ಲುತ್ತಿದ್ದರು.

ಆ ಸಂಜೆ ನಾನು ಮೇಣದಬತ್ತಿ ಹಚ್ಚಿ ಅವರ ಪಕ್ಕ ಕೂತೆ. ಅವರ ಕೈ ತೆಗೆದುಕೊಂಡು ನನ್ನ ಗಂಟಲ ಮೇಲಿಟ್ಟುಕೊಂಡೆ. ಅವರು ಬ್ಯಾಂಡೇಜಿನ ಅಂಚನ್ನು ಬೆರಳಲ್ಲಿ ಸವರಿದರು.

"ನೋವಾಯ್ತಾ ತಾಯಿ?" ಎಂದರು.

ಎರಡು ಸಲ ಕೈ ಒತ್ತಿದೆ.

"ಸರಿ ಬಿಡು. ಇಷ್ಟು ವರ್ಷ ನೀನು ಹೇಳ್ದೆ. ಈಗ ನಾನು ಹೇಳ್ತೀನಿ, ನೀನು ಕೇಳು."

ಹಾಗೆಂದು ಅವರು ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನ ಕಥೆ ಶುರುಮಾಡಿದರು. "ಒಬ್ಬಾಯ್ನ ಮುಳಬಾಗಿಲಿಂದ ನಂಗಲಿಗೆ ನಡ್ಕೊಂಡು ಹೋಗ್ತಿದ್ದ. ಕಳ್ಳರು ಹಿಡ್ಕೊಂಡು ಹೊಡೆದು, ಪಂಚೆನೂ ಬಿಡ್ದೆ ಕಿತ್ಕೊಂಡು, ರೋಡ್ ಪಕ್ಕ ಬಿಸಾಕಿ ಹೋದ್ರು. ಲಾರಿ ಮೇಲೆ ಲಾರಿ ಹೋಯ್ತು. ಒಂದೂ ನಿಲ್ಲಿಸ್ಲಿಲ್ಲ. ಸ್ವಾಮಿಗಳ ಕಾರೂ ಹೋಯ್ತು. ಅವ್ರಿಗೆ ಪೂಜೆಗೆ ಹೊತ್ತಾಗಿತ್ತು, ಪಾಪ."

ತಿದ್ದಬೇಕೆಂದು ನನ್ನ ಬಾಯಿ ತಾನಾಗಿ ತೆರೆಯಿತು. ಟೀಚರ್ ಬಾಯಿ. ಆದರೆ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಕೇಳದೆ ಬೇರೆ ದಾರಿಯಿರಲಿಲ್ಲ. ಕೇಳಿದೆ. ಕೊನೆಗೆ ನಿಂತ ಬೇರೆ ಊರಿನವನೊಬ್ಬ ಗಾಯಕ್ಕೆ ಹಚ್ಚಿದ ಎಣ್ಣೆ ಅತ್ತೆಯ ಬಾಯಲ್ಲಿ ಹರಳೆಣ್ಣೆಯಾಯಿತು, ಗಾಯಾಳುವನ್ನು ಮಲಗಿಸಿದ ಛತ್ರ ನಂಗಲಿಯ ಚೆಕ್‌ಪೋಸ್ಟ್ ಹತ್ತಿರದ ಹೋಟೆಲಾಯಿತು. ಎಷ್ಟೋ ಸಲ ಸ್ಪಷ್ಟ ಉಚ್ಚಾರದಲ್ಲಿ ಓದಿದ್ದ ಆ ಕಥೆಯಲ್ಲಿ ಬಿದ್ದವನ ಮುಖ ನನಗೆ ಕಂಡದ್ದು ಅಂದೇ. ಬಿಸಿಲಿಗೆ ಒಣಗಿದ ರಕ್ತ, ಲಾರಿಯ ಧೂಳು, ತುಟಿಯ ಮೇಲಿನ ನೊಣ, ಎಲ್ಲ ಕಂಡವು.

ಹೀಗೆ ಕೆಲವು ದಿನ ನಡೆಯಿತು. ನಮ್ಮ ಮನೆಗೆ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಅವರ ಮನೆಮಾತು ಉರ್ದು, ಆದರೆ ಶ್ರೀನಿವಾಸಪುರದಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಒಂದು ಸಂಜೆ ಅತ್ತೆ ಒಬ್ಬರೇ ಗಟ್ಟಿಯಾಗಿ ಮಾತಾಡುವುದನ್ನು ಕೇಳಿ ಗಾಬರಿಯಿಂದ ಬಂದಳು.

"ಅಜ್ಜಿ ಯಾರ ಹತ್ರ ಮಾತಾಡ್ತಿದಾರೆ ಅಕ್ಕಾ? ಹುಷಾರಿದಾರಾ?"

ಅವಳ ಕಿವಿಯ ಹತ್ತಿರ ಹೋಗಿ ವಿಷಯವೆಲ್ಲ ಪಿಸುಗುಟ್ಟಿದೆ. ಅವಳು ಬೈಬಲನ್ನೂ ಅತ್ತೆಯನ್ನೂ ನೋಡಿದಳು.

"ನಾನು ಓದಿದ್ರೆ ಆಗುತ್ತಾ ಅಕ್ಕಾ? ಮುಟ್ಟಬಹುದಾ ಇದನ್ನ?"

ನಾನು ಪುಸ್ತಕವನ್ನು ಅವಳ ಕಡೆ ನೀಡಿದೆ. ಅವಳು ತೆಗೆದುಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು, ದುಪಟ್ಟಾವನ್ನು ತಲೆ ಮೇಲೆ ಸರಿಯಾಗಿ ಎಳೆದುಕೊಂಡು ಬಂದು ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಷ್ಟು ಮರ್ಯಾದೆಯಿಂದ ನಾನು ಅದನ್ನು ಯಾವತ್ತಾದರೂ ಎತ್ತಿಕೊಂಡಿದ್ದೆನೇ ಎಂದು ಯೋಚಿಸಿದೆ.

"ಮನೇಲಿ ಏನೂ ಅನ್ನಲ್ವಾ ಅಮ್ಮಾಯಿ?" ಎಂದು ಅತ್ತೆ ಕೇಳಿದರು.

ಅವಳು ಮರುದಿನ ಬಂದಾಗ ಅದಕ್ಕೆ ಉತ್ತರ ಕೊಟ್ಟಳು. "ನಮ್ಮೆಜಮಾನ್ರಿಗೆ ಹೇಳ್ದೆ ಅಜ್ಜಿ. ಕಣ್ಣು ಕಾಣದೋರಿಗೆ ಓದಿ ಹೇಳೋದು ಸವಾಬು, ಪುಣ್ಯದ ಕೆಲಸ, ಹೋಗು ಅಂದ್ರು."

ಆ ವರ್ಷ ನಮ್ಮ ತಪಸ್ಸುಕಾಲವೂ ಅವರ ರಂಜಾನೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಅವಳು ಸಂಜೆಯ ಅಸರ್ ನಮಾಜು ಮುಗಿಸಿಕೊಂಡು ಬಂದು, ಒಂದು ಪುಟ ಓದಿ, ಇಫ್ತಾರಿನ ಅಡಿಗೆಗೆ ಓಡುತ್ತಿದ್ದಳು. ಬೆಳಗಿನಿಂದ ನೀರೂ ಕುಡಿಯದ ಗಂಟಲು ನಡುನಡುವೆ ಒಡೆಯುತ್ತಿತ್ತು. ಅತ್ತೆಗೆ ಸಂಕಟ. "ಉಪವಾಸದಾಗೆ ಬೇಡ, ಸಾಕು ಬಿಡಮ್ಮ" ಎನ್ನುತ್ತಿದ್ದರು. "ಇನ್ನೊಂದು ಚೂರಿದೆ ಅಜ್ಜಿ, ಮುಗಿಸಿಬಿಡ್ತೀನಿ" ಎನ್ನುತ್ತಿದ್ದಳು. ಶುಕ್ರವಾರದ ನಮ್ಮ ಉಪವಾಸದಲ್ಲಿ ನಾನು ಮಧ್ಯಾಹ್ನ ಕಾಫಿ ಕುಡಿಯುವವಳು. ಅವಳನ್ನು ನೋಡಿ ಆ ಶುಕ್ರವಾರಗಳಲ್ಲಿ ಕಾಫಿ ಬಿಟ್ಟೆ.

ನಾನು ಆಸ್ಪತ್ರೆಗೆ ಹೋಗುವ ಮೊದಲು ಬೈಬಲಿನಲ್ಲಿ ದಾರ ಇಟ್ಟು ನಿಲ್ಲಿಸಿದ್ದ ಜಾಗ ಸಮುವೇಲ ಪ್ರವಾದಿ ಹುಟ್ಟುವುದಕ್ಕಿಂತ ಮುಂಚಿನದು. ಒಂದು ಸಂಜೆ ಅವಳು ಅಲ್ಲಿಂದ ಓದತೊಡಗಿದಳು. ಮಕ್ಕಳಿಲ್ಲದ ಹೆಂಗಸು, ಊಟ ಬಿಟ್ಟು ದೇವಾಲಯಕ್ಕೆ ಹೋಗಿ ಅಳುತ್ತಾಳೆ. ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ. ತುಟಿ ಅಲುಗುತ್ತದೆ, ಧ್ವನಿ ಮಾತ್ರ ಕೇಳಿಸುವುದಿಲ್ಲ. ಬಾಗಿಲ ಬಳಿ ಕೂತ ಮುದುಕ ಯಾಜಕ ಅವಳು ಕುಡಿದು ಬಂದಿದ್ದಾಳೆಂದು ತಿಳಿದು ಗದರಿಸುತ್ತಾನೆ.

ಅಲ್ಲಿಗೆ ಬಂದವಳು ಓದು ನಿಲ್ಲಿಸಿ ನನ್ನ ಕಡೆ ನೋಡಿದಳು. ಆ ಹೊತ್ತಿಗೆ ನನ್ನ ತುಟಿಯೂ ಅಲುಗುತ್ತಿತ್ತು. ಓದುವವರ ಜೊತೆ ಸದ್ದಿಲ್ಲದೆ ಬಾಯಾಡಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

"ಅಕ್ಕಾ," ಎಂದಳು ಮೆಲ್ಲಗೆ, "ಇವಳು ನಿಮ್ಮ ಥರಾನೇ ಅಲ್ವಾ?"

ಆಪರೇಷನ್ ಆದ ಮೇಲೆ ನಾನು ಅತ್ತಿರಲಿಲ್ಲ. ಚರ್ಚಿನಲ್ಲಿ ಬೇರೊಬ್ಬರು ನನ್ನ ಜಾಗದಲ್ಲಿ ನಿಂತು ಓದಿದ ಭಾನುವಾರವೂ ಅತ್ತಿರಲಿಲ್ಲ. ಅತ್ತೆಗೆ ಪರಮಪ್ರಸಾದ ಕೊಡಲು ಮನೆಗೆ ಬಂದ ಗುರುಗಳ ಕಿವಿಯಲ್ಲಿ, ಬೇರೆ ಏನನ್ನಾದರೂ ತೆಗೆದುಕೊಳ್ಳದೆ ದೇವರು ಧ್ವನಿಯನ್ನೇ ಯಾಕೆ ತೆಗೆದುಕೊಂಡ ಎಂದು ಕೇಳಿದ್ದೆ. ಅವರು ಯೋಚಿಸಿ, "ಗೊತ್ತಿಲ್ಲಮ್ಮ. ನಾನೂ ಕೇಳ್ತೀನಿ ಅವನನ್ನ" ಎಂದಷ್ಟೇ ಹೇಳಿದ್ದರು. ಸಮಾಧಾನದ ಮಾತು ಹುಡುಕಲಿಲ್ಲವಲ್ಲ ಎಂದು ಅವರ ಮೇಲೆ ಗೌರವ ಹೆಚ್ಚಾಗಿತ್ತು. ಆಗಲೂ ಅತ್ತಿರಲಿಲ್ಲ. ಈಗ ಅತ್ತುಬಿಟ್ಟೆ. ಅಳುವುದಕ್ಕೂ ಸದ್ದಿರಲಿಲ್ಲ. ಭುಜ ಅಲುಗಿದ್ದನ್ನು ಅತ್ತೆ ಹೇಗೋ ತಿಳಿದುಕೊಂಡು ನನ್ನ ಕೈ ಹಿಡಿದರು.

"ಮುಂದೆ ಏನಾಯ್ತು ಓದಮ್ಮಾಯಿ. ದೇವ್ರಿಗೆ ಕೇಳಿಸ್ತಾ ಇಲ್ವಾ?"

ಅವಳು ಕಣ್ಣೊರೆಸಿಕೊಂಡು ಮುಂದಿನದನ್ನು ಓದಿದಳು. "ಕೇಳಿಸ್ತು ಅಜ್ಜಿ. ಮಗು ಆಯ್ತು."

"ಮತ್ತಿನ್ನೇನು," ಎಂದರು ಅತ್ತೆ.

ಅಂದಿನಿಂದ ಅತ್ತೆ ಜಪಸರ ಹೇಳುವ ರೀತಿಯೇ ಬದಲಾಯಿತು. ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಿದರೆ ಉಳಿದವರು ಎರಡನೇ ಅರ್ಧ ಹೇಳುವುದು ನಮ್ಮ ರೂಢಿ. ನನಗೆ ಧ್ವನಿ ಹೋದ ಮೇಲೆ ಅವರೇ ಎರಡೂ ಅರ್ಧ ಹೇಳಿಕೊಳ್ಳುತ್ತಿದ್ದರು. ಈಗ ತಮ್ಮ ಪಾಲು ಹೇಳಿ ನಿಲ್ಲಿಸತೊಡಗಿದರು. ನಾನು ತುಟಿಯಲ್ಲಿ ನನ್ನ ಪಾಲು ಹೇಳಿ, ಮುಗಿದಾಗ ಅವರ ಕೈ ಒತ್ತುತ್ತಿದ್ದೆ. ಆಮೇಲೆ ಅವರು ಮುಂದಿನ ಮಣಿಗೆ ಹೋಗುತ್ತಿದ್ದರು. ಹೊರಗೆ ಬೆಂಗಳೂರಿನಿಂದ ಬಂದ ರೈಲಿನ ಜನ ಮಾತಾಡುತ್ತಾ ಬೀದಿಯಲ್ಲಿ ಹೋಗುತ್ತಿರುತ್ತಿದ್ದರು. ಆ ಸದ್ದಿನ ನಡುವೆ ನಮ್ಮ ಮನೆಯಲ್ಲಿ ಅರ್ಧ ಪ್ರಾರ್ಥನೆ, ಅರ್ಧ ಮೌನ. ನಾನು ಬದುಕಿನಲ್ಲಿ ಸಾವಿರಾರು ಸಲ ಆ ಮಾತುಗಳನ್ನು ಹೇಳಿದ್ದೇನೆ. ಒಂದೊಂದು ಮಾತಿಗೂ ಎದುರಿಗೆ ಒಬ್ಬರು ಕಾಯುತ್ತಿದ್ದಾರೆಂದು ತಿಳಿದು ಹೇಳಿದ್ದು ಆಗಲೇ. ಕಾಯುತ್ತಿರುವುದು ಅತ್ತೆ ಒಬ್ಬರೇ ಅಲ್ಲ ಎಂದು ಕೆಲವು ಸಂಜೆ ಅನ್ನಿಸುತ್ತಿತ್ತು. ಅದನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಈಸ್ಟರಿನ ಪಾಸ್ಕ ಹಬ್ಬ ಹೋಯಿತು, ಸ್ಕೂಲು ಶುರುವಾಯಿತು, ನಾನು ರಜೆ ಮುಂದುವರಿಸಿದೆ. ಡಾಕ್ಟರು ಹೇಳಿಕೊಟ್ಟ ಗಂಟಲಿನ ವ್ಯಾಯಾಮವನ್ನು ಬೆಳಿಗ್ಗೆ ಹಿತ್ತಲಲ್ಲಿ ನಿಂತು ಮಾಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಮಳೆಗಾಲ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಅಡಿಗೆಮನೆ ಕಿಟಕಿಯಿಂದ ನೋಡಿದರೆ ಸ್ಟವ್ ಮೇಲಿನ ಹಾಲು ಪಾತ್ರೆಯ ಅಂಚಿಗೆ ಬಂದಿದೆ.

"ಹಾಲು ಉಕ್ತಾ ಇದೆ" ಎಂದು ಕೂಗಿದೆ. ಗಂಡ ಹೊರಗೆ ಹೋಗಿದ್ದರಿಂದ ಒಳಗೆ ಅದನ್ನು ಇಳಿಸುವವರು ಯಾರೂ ಇರಲಿಲ್ಲ, ಅಭ್ಯಾಸಬಲ.

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಯಾರಪ್ಪಾ ಅದು? ಯಾರು ಒಳಗೆ ಬಂದಿರೋದು?"

ಯಾರೋ ಗಂಡಸು ಮನೆಯೊಳಗೆ ಬಂದಿದ್ದಾನೆಂದು ಅವರು ಹೆದರಿದ್ದರು. ನನಗೂ ಅದು ನನ್ನ ಧ್ವನಿಯೆಂದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಓಡಿಹೋಗಿ ಅವರ ಮುಂದೆ ಕೂತು, "ಅತ್ತೆ, ನಾನೇ" ಎಂದೆ. ಒರಟಾಗಿ, ಮರ ಗೀಚಿದ ಹಾಗೆ ಹೊರಟಿತು. ಅವರು ಕೈ ಚಾಚಿ ನನ್ನ ಗಂಟಲು ಹುಡುಕಿ ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳು."

"ನಾನೇ ಅತ್ತೆ."

"ದೇವುಡಾ," ಎಂದು ನಕ್ಕರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಕೊಟ್ಟಿದ್ದು ಕೊಟ್ಟ, ಗಂಡಸಿನ ಗಂಟಲು ಕೊಟ್ಬಿಟ್ನಲ್ಲೇ."

ಸೀದ ಹಾಲಿನ ವಾಸನೆ ಮನೆ ತುಂಬಿತು. ಪಕ್ಕದ ಮನೆಯವಳು ಆ ವಾಸನೆಗೇ ಓಡಿಬಂದಳು. ಬಾಗಿಲಲ್ಲಿ ನಿಂತವಳಿಗೆ ನಾನು "ಬಾ ಒಳಗೆ" ಎಂದೆ. ಅವಳು ಬಂದು ನನ್ನನ್ನು ತಬ್ಬಿಕೊಂಡಳು.

ಮೊದಲಿನ ಧ್ವನಿ ಬರಲಿಲ್ಲ. ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಇರುವುದು ದಪ್ಪನೆಯ, ಬೇಗ ದಣಿಯುವ ಧ್ವನಿ. ಸ್ಕೂಲಿನಲ್ಲಿ ಕೊರಳಿಗೆ ಸಣ್ಣ ಮೈಕ್ ಹಾಕಿಕೊಂಡು ಪಾಠ ಮಾಡುತ್ತೇನೆ. ಸೆಪ್ಟೆಂಬರಿನಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬದ ಬಲಿಪೂಜೆಗೆ ಗುರುಗಳು ನನ್ನನ್ನೇ ವಾಚನಕ್ಕೆ ಕರೆದರು. ಅರ್ಧಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿತು. ನಿಲ್ಲಿಸಿದೆ. ಚರ್ಚಿನ ತುಂಬ ಜನ, ಯಾರೂ ಕೆಮ್ಮಲಿಲ್ಲ, ಪುಸ್ತಕದ ಹಾಳೆ ತಿರುವಲಿಲ್ಲ. ನಾನು ಉಗುಳು ನುಂಗಿ ಮತ್ತೆ ಶುರುಮಾಡುವವರೆಗೆ ಕಾದರು. ಇನ್ನೊಮ್ಮೆ ನಿಂತಾಗಲೂ ಕಾದರು. ಆ ಕಾಯುವಿಕೆಯನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ಹೇಳಿದರು. "ಮೊದ್ಲು ನೀನು ರೈಲು ಹೋದಂಗೆ ಓದ್ತಿದ್ದೆ. ಇವತ್ತು ಎಲ್ಲ ಸ್ಟೇಷನ್‌ನಾಗೂ ನಿಂತ್ಕೊಂಡು ಹೋಯ್ತು. ನಂಗೆ ಪೂರ್ತಿ ಅರ್ಥ ಆಯ್ತು."

ಧ್ವನಿ ಬಂದಿತೆಂದು ನಮ್ಮ ಸಂಜೆಯ ಓದು ಹಳೆಯ ರೀತಿಗೆ ತಿರುಗಲಿಲ್ಲ. ಒಂದು ಪುಟ ಪೂರ್ತಿ ಓದುವ ಶಕ್ತಿ ನನಗಿಲ್ಲ. ಅರ್ಧ ನಾನು ಓದುತ್ತೇನೆ, ಉಳಿದರ್ಧ ಪಕ್ಕದ ಮನೆಯವಳು. ಹೊಲಿಗೆ ಹೆಚ್ಚಿದ್ದ ದಿನ ಅವಳು ಬರುವುದಿಲ್ಲ, ಅಂದು ಅತ್ತೆಯೇ ಒಂದು ಕಥೆ ಹೇಳುತ್ತಾರೆ. ಈಗ ನಾನು ತಿದ್ದುವುದಿಲ್ಲ.

ಮೊನ್ನೆಯಿಂದ ಅಣ್ಣಂದಿರು ಬಾವಿಗೆ ನೂಕಿದ ಯೋಸೇಫನ ಕಥೆ ನಡೆಯುತ್ತಿದೆ. ಅವಳಿಗೆ ಅವನು ಯೂಸುಫ್, ತನ್ನ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಕಥೆ. ನಿನ್ನೆ ಓದುವಾಗ ತಡೆಯಲಾರದೆ ಪುಸ್ತಕ ಮಡಿಲಲ್ಲಿಟ್ಟು ಮುಂದಿನದನ್ನು ತಾನೇ ಹೇಳತೊಡಗಿದಳು. ಅಪ್ಪ ಅತ್ತು ಅತ್ತು ಕಣ್ಣು ಕಳೆದುಕೊಂಡದ್ದು, ಮಗನ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳಿದ್ದು. ಅಂಗಿಯ ಆ ಮಾತು ನಮ್ಮ ಪುಸ್ತಕದಲ್ಲಿಲ್ಲ. ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಕೂತಿದ್ದರು, ಕಾಣದ ಕಣ್ಣು ಅವಳ ಧ್ವನಿಯ ಕಡೆಗೇ ನೆಟ್ಟಿತ್ತು.

"ಅಂಗಿ ಹಾಕಿದ್ ತಕ್ಷಣ ಕಾಣಿಸ್ತಾ?" ಎಂದು ಕೇಳಿದರು.

"ತಕ್ಷಣ ಅಜ್ಜಿ."

"ಮೊದ್ಲು ಯಾರನ್ನ ನೋಡ್ದ?"

ಅವಳು ನನ್ನ ಮುಖ ನೋಡಿದಳು.

"ಅದು ನಮ್ಮಜ್ಜಿ ಹೇಳಿರ್ಲಿಲ್ಲ," ಎಂದಳು ಅವಳು. "ಆದ್ರೆ ಅಂಗಿ ತಂದು ಹಾಕಿದೋರು ಎದುರಿಗೇ ನಿಂತಿದ್ರಲ್ಲ. ಅವರನ್ನೇ ನೋಡಿರ್ಬೇಕು."