ಎರಡು ಕಸದ ನಡುವಿನ ಹಲಗೆ

ಕಸದ ಗಾಡಿ ಓಡಿಸುವ ಆಕೆಯನ್ನು ಆರು ಬೀದಿಯವರೂ ಜೋರಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕವಳು ಬೇಸರಪಟ್ಟವಳಲ್ಲ, ಮೆತ್ತಗೆ ಹೇಳಿದರೆ ಕೇಳುವ ಕಿವಿ ಆ ಬೀದಿಗಳಲ್ಲಿ ಯಾರಿಗಿತ್ತು? ಗಂಡ ತೀರಿಕೊಂಡ ಮೇಲೆ ಅವನು ಓಡಿಸುತ್ತಿದ್ದ ಗಾಡಿಯನ್ನೇ ಹಿಡಿದು ಎಂಟು ವರ್ಷವಾಗಿತ್ತು. ಅದರಲ್ಲಿ ಮೂರು ವರ್ಷ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಮನೆಮನೆಯ ಮುಂದೆ ಬಾಯಿ ಬಡಿದುಕೊಂಡಿದ್ದಳು. ಬೆರೆಸಿ ತಂದವರ ಬಕೆಟ್ಟನ್ನು ಅವರ ಬಾಗಿಲಿಗೇ ವಾಪಸ್ ಇಟ್ಟು ಬಂದಿದ್ದಳು. ಮೂಲೆಮನೆಯ ನಿವೃತ್ತ ಟೀಚರ್ ಅಂತೂ "ನನಗೇ ಪಾಠ ಹೇಳ್ತೀಯಾ" ಎಂದು ಒಂದು ತಿಂಗಳು ಮಾತು ಬಿಟ್ಟು, ಕೊನೆಗೆ ಹಾಲಿನ ಕವರನ್ನು ತೊಳೆದು ಒಣಗಿಸಿ ಕೊಡುವಷ್ಟು ದಾರಿಗೆ ಬಂದಿದ್ದರು.

ಆಮೇಲೆ ಗುತ್ತಿಗೆದಾರ ಗಾಡಿಯಲ್ಲಿ ಎರಡೂ ಕಸವನ್ನು ಬೇರೆಯಾಗಿಡುತ್ತಿದ್ದ ನಡುವಿನ ಹಲಗೆಯನ್ನೇ ಕಿತ್ತುಹಾಕಿಸಿದ. ಹಲಗೆ ಇಲ್ಲದಿದ್ದರೆ ಒತ್ತಿ ತುಂಬಬಹುದು, ದಿನಕ್ಕೊಂದು ಟ್ರಿಪ್ಪು ಉಳಿಯುತ್ತದೆ. ಜನ ಎರಡು ಬಕೆಟ್ ತರುತ್ತಿದ್ದರು, ಒಳಗೆ ಬೀಳುತ್ತಿದ್ದದ್ದು ಒಂದೇ ರಾಶಿ. ಬಾಯಿ ಬಿಟ್ಟರೆ ಕೆಲಸ ಹೋಯಿತೆಂದುಕೋ ಎಂದ ಸೂಪರ್‌ವೈಸರ್. ಎರಡು ತಿಂಗಳು ಜೋರಕ್ಕ ಹಲ್ಲು ಕಚ್ಚಿಕೊಂಡು, ಬಕೆಟ್ಟುಗಳನ್ನು ತಾನೇ ಇಸಿದುಕೊಂಡು ಟಾರ್ಪಾಲಿನ ಮರೆಯಲ್ಲಿ ಸುರಿದಳು. ಮನೆಗೆ ಹೋಗಿ ಎಷ್ಟು ತಿಕ್ಕಿ ತೊಳೆದರೂ ಆ ನಾಚಿಕೆ ಹೋಗಲಿಲ್ಲ.

ನಗರಸಭೆ ಚುನಾವಣೆಗೆ ವಾರವಿದ್ದಾಗ, ಭಾನುವಾರ ಬೆಳಿಗ್ಗೆ, ಶಾಲೆಯ ಅಂಗಳದಲ್ಲಿ ವಾರ್ಡಿನ ಮೂವರು ಅಭ್ಯರ್ಥಿಗಳ ಸಭೆ ನಡೆಯಿತು. ವಿಷಯ ಪರಿಸರ. ಅವರಲ್ಲೊಬ್ಬರಾದ ಹಾಲಿ ಸದಸ್ಯರಿಗೆ ಕಸದ ಗಾಡಿ ವೇದಿಕೆಯ ಪಕ್ಕದಲ್ಲೇ ಮಿನುಗಬೇಕೆಂಬ ಆಸೆ. ತೊಳೆದು ತಾ ಎಂದು ಅಪ್ಪಣೆಯಾಯಿತು. ಜೋರಕ್ಕ ಹೊರಗೆಲ್ಲ ಚೆನ್ನಾಗಿ ತೊಳೆದಳು. ಒಳಗಿನದನ್ನು ಮಾತ್ರ ಖಾಲಿ ಮಾಡಲಿಲ್ಲ.

ಒಬ್ಬರು ಹತ್ತು ಸಾವಿರ ಗಿಡ ನೆಡುತ್ತೇವೆಂದರು. ಇನ್ನೊಬ್ಬರು ಕಸದಿಂದ ಕರೆಂಟು ತೆಗೆಯುತ್ತೇವೆಂದರು. ಹಾಲಿ ಸದಸ್ಯರು ಮೈಕು ಹಿಡಿದು, "ನಮ್ಮ ವಾರ್ಡಲ್ಲಿ ನೂರಕ್ಕೆ ನೂರು ಕಸ ಬೇರೆ ಆಗ್ತಿದೆ. ಬೇಕಾದ್ರೆ ನಮ್ಮ ಅಕ್ಕನ್ನೇ ಕೇಳಿ" ಎಂದು ಗಾಡಿಯ ಕಡೆ ಕೈ ತೋರಿಸಿದರು.

ಕೇಳಿ ಎಂದ ಮೇಲೆ ಹೇಳದೆ ಇರಲಾಗುತ್ತದೆಯೇ? ಜೋರಕ್ಕ ಟಾರ್ಪಾಲಿನ ಹಗ್ಗ ಬಿಚ್ಚಿ ಹಿಂದಿನ ಬಾಗಿಲು ಇಳಿಸಿದಳು. ಆ ನೂರಕ್ಕೆ ನೂರು ಕೊಳೆತ ಅನ್ನ, ಬಾಟಲಿ, ಪೇಪರು ಎಲ್ಲ ಕಲಸಿಕೊಂಡು ಅಂಗಳಕ್ಕೆ ಜಾರಿತು.

"ನೀವೆಲ್ಲ ಬೇರೆ ಮಾಡಿ ಕೊಟ್ಟಿದ್ದು ಇದೇ. ಹಲಗೆ ಕಿತ್ತು ಎರಡು ತಿಂಗಳಾಯ್ತು. ಗೆದ್ರೆ ಯಾವ ತಾರೀಕಿಗೆ ಹಲಗೆ ಹಾಕಿಸ್ತೀರಿ? ಮೂವರೂ ಹೇಳಿ."

ಗಿಡದವರು ಭಾಷಣದ ಚೀಟಿ ನೋಡಿಕೊಂಡರು. ಕರೆಂಟಿನವರು ಗಡಿಯಾರ ನೋಡಿಕೊಂಡರು. ಸದಸ್ಯರು ಮೂಗಿಗೆ ಕರ್ಚೀಫು ಒತ್ತಿ, "ಮೊದಲು ಗಾಡಿ ತೆಗೀರಮ್ಮ" ಎಂದರು.

ಅಷ್ಟರಲ್ಲಿ ಟೀಚರ್ ಎದ್ದು ನಿಂತರು. "ಎರಡು ತಿಂಗಳು ನಮ್ಮ ಕಿವಿ ಮೇಲೆ ಹೂವಿಟ್ಟೆ ಅಲ್ವಾ ನೀನು? ನಾನಿಲ್ಲಿ ಕವರು ತೊಳೀತಾ ಕೂತಿದ್ದೆ."

"ಹೌದು ಟೀಚರ್. ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ತಪ್ಪು ನಂದೇ. ಇನ್ನು ಹೆದರಲ್ಲ."

ಸೂಪರ್‌ವೈಸರ್ ಬಂದು ಕೈ ಚಾಚಿದ. "ಕೀ ಕೊಡು. ನಾಳೆಯಿಂದ ಬರಬೇಡ."

ಜೋರಕ್ಕ ಡ್ರೈವರ್ ಸೀಟು ಹತ್ತಿ ಬಾಗಿಲು ಹಾಕಿಕೊಂಡಳು. "ಹಲಗೆ ಬರೋವರೆಗೂ ಈ ಗಾಡಿ ಕದಲಲ್ಲ."

ಟೀಚರ್ ತಮ್ಮ ಕುರ್ಚಿಯನ್ನು ಎಳೆದು ತಂದು, ಮುಂದಿನ ಚಕ್ರಕ್ಕೆ ಅಡ್ಡ ಹಾಕಿ ಕೂತರು.

"ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ," ಎಂದರು. "ಆದ್ರೆ ಕೀ ಮಾತ್ರ ಕೊಡಬೇಡ."