ಲಿಂಗ ಕಟ್ಟಿಕೊಂಡ ಜೇಡ

ನಮ್ಮ ಅತ್ತೆ ಶಂಕ್ರಮ್ಮನವರು 1986ರಲ್ಲಿ ತೀರಿಕೊಳ್ಳುವವರೆಗೂ ನ್ಯಾಮತಿಯಲ್ಲಿ ಯಾರಿಗೂ ಹೆದರಿದವರಲ್ಲ. ಚೇಳು ಕಂಡರೆ ಸೌದೆ ತುಂಡಿನಿಂದ ಒತ್ತಿ, ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು ಬಂದು ರೊಟ್ಟಿ ತಟ್ಟುತ್ತಿದ್ದರು. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ನಾನು ಉಬ್ರಾಣಿಯಿಂದ ಸೊಸೆಯಾಗಿ ಬಂದ ಆರು ತಿಂಗಳಲ್ಲಿ ನನ್ನ ಅಡುಗೆಗೆ ಸಿಕ್ಕ ದೊಡ್ಡ ಮೆಚ್ಚುಗೆ ಎಂದರೆ "ತಿನ್ನಬೌದು" ಎಂಬ ಒಂದು ಮಾತು. ಅವರನ್ನು ಕಂಡರೆ ನನಗೆ ಭಯವಿತ್ತು. ಪ್ರೀತಿಯೂ ಇತ್ತು ಎಂದರೆ ಸುಳ್ಳಾಗುತ್ತದೆ.

ಇದು ನಡೆದದ್ದು 1977ರ ಚಳಿಗಾಲದಲ್ಲಿ. ಬೆಳಗ್ಗೆ ಸ್ನಾನ ಮಾಡುವಾಗ ಅತ್ತೆಯ ಕೊರಳಿನ ಶಿವದಾರ ತುಂಡಾಯಿತು. ಎಂಟು ವರ್ಷದವರಿದ್ದಾಗ ದೀಕ್ಷೆಯಲ್ಲಿ ಪಡೆದ ಲಿಂಗವನ್ನು ಅವರು ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಅದನ್ನು ಬಚ್ಚಲಿನ ಗೂಡಿನಲ್ಲಿಟ್ಟು, ಸೀರೆ ಸುತ್ತಿಕೊಂಡು, ಹೊಸ ದಾರ ತರಲು ದೇವರಮನೆಗೆ ಹೋದರು. ಅಷ್ಟರಲ್ಲಿ ಹಂಡೆ ಒಲೆಗೆ ಸೌದೆ ಒಟ್ಟಲು ನಾನು ಬಚ್ಚಲಿಗೆ ಬಂದೆ. ಗೂಡಿನ ಅಂಚಿನಲ್ಲಿ ಅಂಗೈ ಅಗಲದ ಜೇಡ ಕೂತಿತ್ತು. ಅಷ್ಟು ದೊಡ್ಡದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೂಗಿಕೊಂಡು ಒಂದು ತಂಬಿಗೆ ನೀರು ಎರಚಿದೆ. ತಂಬಿಗೆಯೂ ಕೈಜಾರಿ ಬಿತ್ತು. ಜೇಡ ಹಂಡೆಯ ಹಿಂದಕ್ಕೆ ಓಡಿತು, ನಾನು ಹಿತ್ತಲಿಗೆ ಓಡಿದೆ.

ಅತ್ತೆ ದಾರ ತಂದು ನೋಡಿದಾಗ ಗೂಡಿನಲ್ಲಿ ನೀರಿತ್ತು, ಲಿಂಗ ಇರಲಿಲ್ಲ.

ಲಿಂಗ ಕಳೆದುಹೋದರೆ ಅದು ಸಿಗುವವರೆಗೆ, ಇಲ್ಲವೇ ಗುರುಗಳು ಇನ್ನೊಂದನ್ನು ಕೊಡುವವರೆಗೆ, ಹನಿ ನೀರೂ ಮುಟ್ಟಬಾರದು ಎಂಬುದು ಹಳಬರ ನಿಷ್ಠೆ. ಮಠದ ಅಯ್ಯನವರು ಜಗಳೂರು ಕಡೆ ಹೋಗಿದ್ದರು, ಬರುವುದಕ್ಕೆ ಇನ್ನೂ ಒಂದು ವಾರವಿತ್ತು. ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತರು. ನಮ್ಮ ಯಜಮಾನರು ಪಂಚಾಕ್ಷರಪ್ಪ ಮೋರಿಯ ಕೆಸರನ್ನೆಲ್ಲ ಬಗೆದು ನೋಡಿದರು, ಸಿಗಲಿಲ್ಲ.

"ಆ ಗೂಡಿನ ತಂಟೆಗೆ ಹೋದೋರು ಯಾರೇ ಇರ್ಲಿ, ಅವರು ಈ ಮನ್ಯಾಗೆ ಇರಾಕಿಲ್ಲ" ಎಂದರು ಯಜಮಾನರು. ಮನೆಯಲ್ಲಿದ್ದವರು ಮೂರೇ ಜನ. ನಾನು ಸೌದೆ ಎಣಿಸುವವಳಂತೆ ತಲೆ ತಗ್ಗಿಸಿ ನಿಂತೆ.

"ಯಾರೂ ಹೋಗಿಲ್ಲ" ಎಂದರು ಅತ್ತೆ. "ಬಚ್ಚಲಾಗೆ ಒಂದು ದೊಡ್ಡ ಜೇಡ ಐತೆ. ನಾಕು ದಿನದಿಂದ ನೋಡ್ತಿದೀನಿ. ಅದೇ ತಗಂಡು ಹೋಗೈತೆ."

ಯಜಮಾನರು ಹೋಗಿ ಇಣುಕಿದರು. ಗೂಡಿನ ಕೆಳಗೆ, ಹಂಡೆ ಒಲೆಗೂ ಗೋಡೆಗೂ ನಡುವೆ ಒಂದು ಬಿರುಕಿತ್ತು. ಅದರ ಬಾಯಲ್ಲೇ ಜೇಡ ಕೂತಿತ್ತು. ಎದೆಯ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಂತಹ ದುಂಡನೆಯದೊಂದನ್ನು ಅವುಚಿಕೊಂಡಿತ್ತು. ಯಜಮಾನರು ಹೊರಗೆ ಬಂದು ಪೊರಕೆ ಹುಡುಕಿದರು.

"ಲಿಂಗ ಕಟ್ಟಿಕೊಂಡಿರಾದನ್ನ ಹೊಡಿತೀಯೇನಪ್ಪಾ?" ಎಂದರು ಅತ್ತೆ. ಯಜಮಾನರು ಪೊರಕೆ ಕೆಳಗಿಟ್ಟರು.

ಹೀಗೆ ನಮ್ಮ ಮನೆಯ ಸ್ಥಿತಿ ಇತ್ಯರ್ಥವಾಗದೆ ನಿಂತಿತು. ಲಿಂಗ ಸಿಗುವವರೆಗೆ ಅತ್ತೆ ಊಟ ಮಾಡುವಂತಿರಲಿಲ್ಲ, ಲಿಂಗ ಇರುವವರೆಗೆ ಜೇಡವನ್ನು ಮುಟ್ಟುವಂತಿರಲಿಲ್ಲ.

ಮರುದಿನ ಯಜಮಾನರು ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಮರುಳಸಿದ್ದಪ್ಪನವರನ್ನು ಕರೆಸಿದರು. ಅವರು ಏಳನೇ ಕ್ಲಾಸಿನ ಪುಸ್ತಕ, ಒಂದಡಿಯ ಸ್ಕೇಲು ಹಿಡಿದು ಬಂದರು. ಹೊಸ್ತಿಲ ಆಚೆಯೇ ನಿಂತು ಸ್ಕೇಲನ್ನು ಗಾಳಿಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದರು. ಕಾಲುಗಳನ್ನು ಎರಡು ಸಲ ಎಣಿಸಿದರು. ಎರಡು ಸಲವೂ ಎಂಟೇ ಬಂದವು.

"ಕಾಲು ಸೇರಿ ಐದಿಂಚು ಐತೆ. ಹೆಣ್ಣು. ಇದು ಬಲೆ ಕಟ್ಟೋ ಜಾತಿ ಅಲ್ಲ, ಓಡಾಡ್ಕಂಡು ಜಿರಲೆ ಹಿಡಿಯೋದು. ಕಚ್ಚಿದ್ರೂ ಜೀವಕ್ಕೇನೂ ಆಗಲ್ಲ" ಎಂದರು. "ಎದಿಗೆ ಅವುಚ್ಕಂಡಿರೋದು ಲಿಂಗ ಅಲ್ರೀ, ಮೊಟ್ಟೆ ಚೀಲ. ಮರಿ ಆಗೋವರೆಗೂ ಅದನ್ನ ಬಿಡಲ್ಲ. ಅಲ್ಲೀತನಕ ಅದು ಸರಿಯಾಗಿ ಊಟನೂ ಮಾಡಾಕಿಲ್ಲ."

"ಹಂಗಾದ್ರೆ ಲಿಂಗ ಎಲ್ಲಿ, ಮೇಷ್ಟ್ರೇ?" ಎಂದು ಕೇಳಿದ ಯಜಮಾನರು ಮೇಷ್ಟ್ರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಕಂಬದ ಕಡೆಯಿಂದ ಅತ್ತೆ ಹೇಳಿದರು: "ಮೇಷ್ಟ್ರು ಓದಿರಾದು ಪುಸ್ತಕದಾಗೆ. ನಾನು ಕಣ್ಣಾರೆ ನೋಡಿದೀನಿ. ಜೇಡನೇ ತಗಂಡಿರಾದು."

ಮೇಷ್ಟ್ರಿಗೆ ಬೇಜಾರಾಯಿತು. ಕಾಫಿ ಕುಡಿಯದೆ ಹೋದರು. ಇಷ್ಟು ಹೇಳಿದರೂ ತಿಳಿಯದ ಮೊಂಡು ಮುದುಕಿ ಎಂದು ನನಗೂ ಸಿಟ್ಟು ಬಂತು. ನಿಜ ಹೇಳುವ ಧೈರ್ಯವಿಲ್ಲದವಳಿಗೆ ಸಿಟ್ಟೇನೂ ಕಡಿಮೆ ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅತ್ತೆಯ ತುಟಿ ಒಡೆದಿತ್ತು. ಕರೆದರೆ ಕಣ್ಣು ಮಾತ್ರ ತೆರೆದರು. ಇನ್ನು ತಡೆಯಲು ನನ್ನಿಂದಾಗಲಿಲ್ಲ. ಎಲ್ಲ ಕಡೆ ಹುಡುಕಿಯಾಗಿತ್ತು. ಜೇಡ ಕೂತಿದ್ದ ಆ ಬಿರುಕಿಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಸೆರಗು ಬಿಗಿದು, ಉಸಿರು ಹಿಡಿದು, ಮೊಣಕೈವರೆಗೆ ತೂರಿಸಿದೆ. ಜೇಡ ನನ್ನ ಮಣಿಕಟ್ಟಿನ ಮೇಲೆ ಹತ್ತಿತು. ಮೊಟ್ಟೆ ಚೀಲ ಬಿಡದೆ ತೋಳಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಗೋಡೆಗೆ ದಾಟಿಕೊಂಡಿತು. ಕೈಯನ್ನು ಇನ್ನಷ್ಟು ಒಳಕ್ಕೆ ಚಾಚಿದೆ. ತಳದ ಒದ್ದೆ ಬೂದಿಯಲ್ಲಿ ಬಟ್ಟೆಯ ಗಂಟೊಂದು ಬೆರಳಿಗೆ ಸಿಕ್ಕಿತು.

ಯಜಮಾನರು, "ಅವ್ವ ಹೇಳಿದ್ದೇ ದಿಟ, ಜೇಡನೇ ಒಳಗೆ ಇಕ್ಕೈತೆ" ಎಂದು ಮೇಷ್ಟ್ರಿಗೆ ಹೇಳಲು ಸ್ಕೂಲಿಗೇ ಹೊರಟರು. ಅತ್ತೆಯ ಸ್ನಾನಕ್ಕೆ ನಾನೇ ನೀರು ಹಾಕಿದೆ. ಪೂಜೆಯಾಯಿತು. ಗಂಜಿ ತಂದು ಮುಂದಿಟ್ಟೆ.

"ಅತ್ತೆ, ಜೇಡ ಅಲ್ರಿ. ಗೂಡಿಗೆ ನೀರು ಎರಚಿದ್ದು ನಾನು."

"ಗೊತ್ತು" ಎಂದರು. "ನೀನು ಕೂಗಿದ್ದೂ ಕೇಳ್ತು, ತಂಬಿಗೆ ಬಿದ್ದಿದ್ದೂ ಕೇಳ್ತು."

"ಮತ್ತೆ ಜೇಡದ ಮ್ಯಾಲೆ ಯಾಕೆ ಹಾಕಿದ್ರಿ?"

"ಅದನ್ನ ಯಾರೂ ತವರಿಗೆ ಅಟ್ಟಾಕಿಲ್ಲ."

"ಲಿಂಗ ಸಿಗದೇ ಇದ್ದಿದ್ರೆ? ನೀವು ಹೋಗೇ ಬಿಟ್ಟಿದ್ರೆ?"

ಅತ್ತೆ ಒಂದು ಗುಟುಕು ಗಂಜಿ ಕುಡಿದು, ಬಾಯಿ ಒರೆಸಿಕೊಂಡರು. "ನಂಗೆ ಅರವತ್ತೆಂಟು. ನಿಂಗೆ ಹತ್ತೊಂಬತ್ತು" ಎಂದರು. ಆಮೇಲೆ, "ಉಪ್ಪು ಕಮ್ಮಿ ಐತೆ" ಎಂದರು.

ಉಪ್ಪು ತರಲು ಅಡುಗೆಮನೆಗೆ ಹೋದವಳು ಅಲ್ಲೇ ಕೂತು ಅತ್ತುಬಿಟ್ಟೆ. ತುಂಬ ಹೊತ್ತಾಯಿತು. ಸಣ್ಣದಕ್ಕೂ ಕರೆದು ಕೇಳುತ್ತಿದ್ದ ಅತ್ತೆ ಆವತ್ತು ನನ್ನನ್ನು ಕೂಗಲಿಲ್ಲ. ಮುಖ ತೊಳೆದು ಉಪ್ಪು ತಂದಾಗ ಬಟ್ಟಲು ಖಾಲಿಯಾಗಿತ್ತು.