ಪೀಣ್ಯದ ಗಾಳಿಗೋಪುರ

ಹೋದ ವಾರ ಗಿಡ ತರಲು ವೈಟ್‌ಫೀಲ್ಡ್ ಆಚೆಯ ನರ್ಸರಿಗೆ ಹೋಗಿದ್ದೆ. ಪ್ಲಾಸ್ಟಿಕ್ ಹೊದಿಸಿದ ಶೆಡ್ಡಿನೊಳಗೆ ಕಾಲಿಟ್ಟಿದ್ದೇ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ಬಡಿಯಿತು. ಪೀಣ್ಯದ ನಮ್ಮ ಮೇಡಂ ನೆನಪಾದರು...

ಎರಡು ಸಾವಿರದ ದಶಕದ ಕೊನೆ. ಕಾರ್ಖಾನೆಗಳಿಗೆ ಚಿಮಣಿ ಮಾಡಿಕೊಡುವ ಕಂಪನಿಯಲ್ಲಿ ನಾನು ಡ್ರಾಯಿಂಗ್ ಮಾಡುತ್ತಿದ್ದೆ. ಅವರು ಡಿಸೈನ್ ವಿಭಾಗದ ಮುಖ್ಯಸ್ಥೆ. ಹೊಗೆ ಉಗುಳುವ ಚಿಮಣಿ ಮಾಡಿ ಮಾಡಿ ಅವರು ಬೇಸತ್ತಿದ್ದರು. ತಲೆಯಲ್ಲಿದ್ದದ್ದು ಬೇರೆಯದೇ ಚಿಮಣಿ: ನೆಲದ ಮೇಲೆ ಅಗಲವಾದ ಪ್ಲಾಸ್ಟಿಕ್ ಚಪ್ಪರ, ನಡುವೆ ಎತ್ತರದ ಗೋಪುರ. ಚಪ್ಪರದಡಿ ಕಾದ ಗಾಳಿ ಗೋಪುರದೊಳಗೆ ಮೇಲೇರುವಾಗ ಬುಡದ ಫ್ಯಾನು ತಿರುಗಬೇಕು, ಅದರಿಂದ ಕರೆಂಟು. ಕೆಲಸಗಾರರು ಅದಕ್ಕೆ ‘ಮೇಡಂ ಗಾಳಿಗೋಪುರ’ ಅಂತ ಹೆಸರಿಟ್ಟು ನಗುತ್ತಿದ್ದರು.

ಮಾಲೀಕರನ್ನು ಕಾಡಿ ಬೇಡಿ, ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಮಾದರಿ ನಿಲ್ಲಿಸಿದೆವು. ಮಧ್ಯಾಹ್ನದ ಬಿಸಿಲಿಗೆ ಫ್ಯಾನು ತಿರುಗಿ ಪುಟ್ಟ ಬಲ್ಬು ಹೊತ್ತಿಕೊಂಡಾಗ ಮೇಡಂ ನನ್ನ ಕೈ ಹಿಡಿದು ಕುಣಿದೇಬಿಟ್ಟರು.

ಆಮೇಲೆ ನೋಡಲು ಬರುವವರ ಸಾಲು. ಬ್ಯಾಂಕಿನವರು, ಇಲಾಖೆಯವರು, ದೊಡ್ಡ ಕಂಪನಿಗಳವರು. ಎಲ್ಲರದೂ ಒಂದೇ ಮಾತು: “ಇಷ್ಟು ದೊಡ್ಡ ಚಪ್ಪರಕ್ಕೆ ಒಂದೇ ಬಲ್ಬಾ ಮೇಡಂ?”

“ಎತ್ತರ ಇದ್ರೆ ತಾನೇ ಸಾರ್ ಗಾಳಿ ಎಳೆಯೋದು? ಬೆಟ್ಟದಷ್ಟು ಎತ್ತರ ಬೇಕು ಇದಕ್ಕೆ.”

“ಮೊದ್ಲು ಇದ್ರಲ್ಲೇ ಜಾಸ್ತಿ ಕರೆಂಟ್ ತೋರ್ಸಿ. ಎತ್ತರದ ಮಾತು ಆಮೇಲೆ.”

ಕಾಫಿ ಕುಡಿದು ಹೋಗುತ್ತಿದ್ದರು. “ತೊಟ್ಟಿಲಲ್ಲಿರೋ ಮಗು ಎದ್ದು ಓಡಿ ತೋರಿಸ್ಬೇಕಂತೆ ಕಣೇ,” ಎಂದು ಮೇಡಂ ನನ್ನೆದುರು ಹಲ್ಲು ಕಡಿಯುತ್ತಿದ್ದರು. ವರ್ಷಗಟ್ಟಲೆ ಹೀಗೇ... ಅಷ್ಟರಲ್ಲಿ ಸೋಲಾರ್ ಪ್ಯಾನಲ್‌ಗಳು ಅಗ್ಗವಾದವು. “ತಾರಸಿ ಮೇಲೆ ನಾಲ್ಕು ಪ್ಯಾನಲ್ ಹಾಕಿದ್ರೆ ಆಯ್ತಲ್ಲಮ್ಮ,” ಅಂದರು ಮಾಲೀಕರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಕ್ಕೆ ತುರ್ತಾಗಿ ಚಿಮಣಿ ಬೇಕಿತ್ತು. ನಮ್ಮ ಗೋಪುರವನ್ನೇ ಮಾರಿಬಿಟ್ಟರು.

ಕ್ರೇನ್ ಬಂದ ದಿನ ಮೇಡಂ ರಜೆ ಹಾಕಬಹುದಿತ್ತು. ಹೆಲ್ಮೆಟ್ ಹಾಕಿಕೊಂಡು ಬಂದರು. “ನಿಧಾನ ಕಣ್ರೋ, ಎಲ್ಲೂ ನೆಗ್ಗಬಾರ್ದು,” ಎಂದು ಕೂಗುತ್ತಾ ತಾವೇ ನಿಂತು ಇಳಿಸಿದರು. ಲಾರಿ ಗೇಟು ದಾಟಿದ ಮೇಲೆ ಹೆಲ್ಮೆಟ್ ತೆಗೆದು ನೆಲಕ್ಕೆ ಕುಕ್ಕಿದರು. ಕೊಂಡವರು ಅದರ ತುದಿಗೆ ಇನ್ನಷ್ಟು ಕೊಳವೆ ಸೇರಿಸಿ ಎತ್ತರಿಸಿದರಂತೆ.

“ನೋಡಿದ್ಯಾ? ಹೊಗೆಗಾದ್ರೆ ಎತ್ತರ ಸಿಗುತ್ತೆ,” ಎಂದರು ಮೇಡಂ. ಮರುತಿಂಗಳು ಕೆಲಸ ಬಿಟ್ಟರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಅಳು ಬಂತು, ಆದರೆ ಇವತ್ತಿಗೂ ಉಳಿದಿರುವುದು ಸಿಟ್ಟು. ಬೆಟ್ಟದಷ್ಟು ಎತ್ತರದ ಆ ಗೋಪುರ ಕಟ್ಟಿ ಸೋತಿದ್ದರೆ, ಸೋತರು ಅಂತ ಸುಮ್ಮನಾಗಬಹುದಿತ್ತು. ಸೋಲುವುದಕ್ಕೂ ಅವರಿಗೆ ಯಾರೂ ಅವಕಾಶ ಕೊಡಲಿಲ್ಲ.